ಪಕ್ಕದ ಮನೆಯವರು ಹೇಳಲಿ

ಬಿಟ್ಟುಬಂದ ಮನೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋಗುತ್ತದೆ ಎಂಬುದು ನಕ್ಷೆಯಕ್ಕನಿಗೆ ಈ ಕೆಲಸಕ್ಕೆ ಸೇರಿದ ಹೊಸದರಲ್ಲೇ ತಿಳಿದುಹೋಗಿತ್ತು. ಜೀವ ಉಳಿದರೆ ಸಾಕೆಂದು ಓಡಿಬಂದಾಗ ಎರಡು ಕೋಣೆಯಿದ್ದ ಮನೆಗೆ ಈಗ ಐದು ಕೋಣೆ. ತಗ್ಗು ಮಾಡಿನಡಿ ತಲೆ ಬಗ್ಗಿಸಿ ಓಡಾಡಿದವರೇ ಈಗ ಕೈಯೆತ್ತಿ, "ಇಷ್ಟೆತ್ತರ, ಇನ್ನೂ ಎತ್ತರ" ಎನ್ನುತ್ತಾರೆ. ಸುಳ್ಳು ಹೇಳಬೇಕೆಂದು ಹೇಳುವುದಲ್ಲ. ಕಳೆದುಕೊಂಡದ್ದರ ತೂಕ ಅಷ್ಟಿರುವಾಗ ಮನೆ ಅಷ್ಟು ಸಣ್ಣದಿದ್ದೀತೆಂದು ಅವರಿಗೇ ನಂಬಿಕೆ ಬರುವುದಿಲ್ಲ.

ಅವಳ ಕೆಲಸ, ಗಲಾಟೆಯಲ್ಲಿ ಜನ ಬಿಟ್ಟುಹೋದ ಊರುಗಳ ನಕ್ಷೆ ಬರೆಯುವುದು. ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಈ ಕೆಲಸ ಹಚ್ಚಿಕೊಂಡಿದ್ದರು. ಮೊದಲು ಪಾಳುಬಿದ್ದ ಊರಿಗೆ ಹೋಗಿ ಮುಳ್ಳುಕಂಟಿ ಸವರಿ, ಟೇಪು ಹಿಡಿದು, ಉಳಿದ ಗೋಡೆ ತಳಪಾಯಗಳನ್ನು ಅಳೆಯುವುದು. ಆಮೇಲೆ ಆ ಊರಿನವರು ಈಗಿರುವ ಹೊಸ ಬಡಾವಣೆಗೆ ಬಂದು, ಅಲ್ಲಿನ ಸಮುದಾಯ ಭವನದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರನ್ನು ಬರೆಯುವುದು. ಒಂದೊಂದು ಮನೆ ಒಂದೊಂದು ಚಾಪೆಯಷ್ಟು. ಜನ ಬಂದು ಓಣಿಯಲ್ಲಿ ನಡೆದು, ಇಲ್ಲಿ ಬಾವಿ, ಇಲ್ಲಿ ಕಟ್ಟೆ ಎಂದು ತೋರಿಸಬೇಕು. ಮನೆಗಳು ಬೆಳೆಯುವ ಚಾಳಿ ಕಂಡ ಮೇಲೆ ಮೇಷ್ಟ್ರು ಒಂದು ನಿಯಮ ಮಾಡಿದ್ದರು:

"ನಿಮ್ಮ ಮನೆ ವಿಷಯ ನೀವು ಹೇಳಬೇಡಿ. ಪಕ್ಕದ ಮನೆಯವರು ಹೇಳಲಿ."

ಈ ಬಡಾವಣೆಯಲ್ಲಿ ಮೊದಲ ಭಾನುವಾರ ಎಲ್ಲರೂ ಮುಖ ಗಂಟು ಹಾಕಿಕೊಂಡರು. ಎರಡನೆಯ ಭಾನುವಾರಕ್ಕೆ ಅದರ ರುಚಿ ಹತ್ತಿತು. ನೆರೆಮನೆಯ ಬಗ್ಗೆ ನಾಲ್ಕು ಜನರೆದುರು ಮಾತಾಡಿ ಎಂದು ಕರೆದು ಕೂರಿಸಿದರೆ ಯಾರು ಬೇಡವೆಂದಾರು?

"ಇವನ ಮನೆ ಹಜಾರವಾ?" ಎಂದು ಬಡಗಿ ಶುರು ಮಾಡುತ್ತಿದ್ದ. "ಇಬ್ಬರು ಕೂತರೆ ಮೂರನೆಯವನು ಮಾಡು ಹತ್ತಬೇಕಿತ್ತು."

"ನಿನ್ನ ಮನೆ ಬಾಗಿಲು ನೀನೇ ಮಾಡಿದ್ದಲ್ವಾ?" ಎಂದು ಆ ಕಡೆಯಿಂದ ತಿರುಗೇಟು ಬರುತ್ತಿತ್ತು. "ಅದಕ್ಕೇ ಬೇಸಿಗೆಯಲ್ಲಿ ಮುಚ್ಚುತ್ತಿರಲಿಲ್ಲ, ಮಳೆಗಾಲದಲ್ಲಿ ತೆರೀತಿರಲಿಲ್ಲ. ನಿನ್ನ ಹೆಂಡತಿ ನಾಲ್ಕು ತಿಂಗಳು ಹಿತ್ತಲಲ್ಲೇ ಓಡಾಡಿದ್ದು ನಾನು ಕಂಡಿದ್ದೀನಿ."

ಭವನವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆ ನಗೆಯ ನಡುವೆಯೇ ನಕ್ಷೆಯಕ್ಕನ ಸೀಮೆಸುಣ್ಣ ಓಡುತ್ತಿತ್ತು. ಮನೆಯೊಳಗಿದ್ದವರಿಗೆ ತಮ್ಮ ಗೋಡೆಯ ಹೊರಮೈ ಗೊತ್ತಿರುವುದಿಲ್ಲ. ಮಾಡಿನ ಯಾವ ಮೂಲೆ ಜೋತುಬಿದ್ದಿತ್ತು, ಬೆಳಗ್ಗೆ ಯಾವ ಕಿಂಡಿಯಿಂದ ಮೊದಲ ಹೊಗೆ ಏಳುತ್ತಿತ್ತು, ದೀಪ ಹಚ್ಚಿದಾಗ ಬೆಳಕು ಓಣಿಯಲ್ಲಿ ಎಲ್ಲಿಯವರೆಗೆ ಬೀಳುತ್ತಿತ್ತು ಎಂಬುದೆಲ್ಲ ಎದುರಿನವರಿಗೆ, ಪಕ್ಕದವರಿಗೇ ಗೊತ್ತು. ಅವಳ ಅಪ್ಪ ದಿನಾ ಸಂಜೆ ಪದ್ಯ ಹೇಳುತ್ತಿದ್ದವರು. ಕೈಯಲ್ಲಿ ಪುಸ್ತಕವಿಲ್ಲ, ಎಲ್ಲ ಬಾಯಿಪಾಠ. ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ದನಿ ಇಳಿಯಬೇಕು ಎಂಬುದನ್ನು ಅವಳು ಅಪ್ಪನ ಮಂಡಿಗೆ ಒರಗಿಯೇ ಕಲಿತದ್ದು. ಹಾಗಾಗಿ ಜನ ಹೇಳಿದ್ದಷ್ಟೇ ಅಲ್ಲ, ಹೇಳುತ್ತಾ ಎಲ್ಲಿ ತಡೆದರು ಎಂಬುದೂ ಅವಳ ಕಿವಿಗೆ ಬೀಳುತ್ತಿತ್ತು. ಕೆಲಸ ಶುರುಮಾಡುವ ಮುಂಚೆ ಬರಿ ನೆಲಕ್ಕೆ ಕೈಯಿಟ್ಟು, ದೇವರೇ, ಇವರು ಹೇಳಿದ್ದನ್ನೇ ಬರೆಸು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಈ ಊರಿನ ಮೇಲೋಣಿಯ ನಕ್ಷೆ ಒಂದು ಕಡೆ ತಡೆದು ನಿಂತಿತು. ಗಾಣದಜ್ಜಿಯ ಮನೆಯ ಹತ್ತಿರ.

ಗಾಣದಜ್ಜಿ ಎಂದರೆ ಭವನದ ಯಜಮಾನಿಯೇ ಸರಿ. ಗಂಡ ಎಣ್ಣೆಗಾಣ ಹಾಕಿದ್ದವರು, ಆ ಹೆಸರು ಅವಳಿಗೆ ಉಳಿದಿತ್ತು. ಯಾರ ಮನೆಯ ಗಡಿ ಎಲ್ಲೆಂದು ಜಗಳ ಬಂದರೆ ಅವಳ ಮಾತೇ ಕಡೆಯ ಮಾತು. ಅವಳ ಮನೆಯನ್ನು ಒಂದು ಪಕ್ಕದವನಾದ ಬಡಗಿ ಹೇಳಿ ಬರೆಸಿದ್ದ. ಆದರೆ ಇನ್ನೊಂದು ಪಕ್ಕದ ಗೋಡೆ ಬಡಗಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಅವಳ ಮನೆಗೆ ನೆಲದ ಮೇಲೆ ಮೂರೇ ಗೋಡೆ. ಅದರಾಚೆ ಬರಿ ಸಿಮೆಂಟು, ಆಮೇಲೆ ಓಣಿಯ ತಿರುವು.

ಪಾಳುಬಿದ್ದ ಊರಿನಲ್ಲಿ ಮಾತ್ರ ಅದು ಬರಿದಾಗಿರಲಿಲ್ಲ. ಗಾಣದ ಮನೆಗೂ ತಿರುವಿಗೂ ನಡುವೆ ಅಚ್ಚುಕಟ್ಟಾದೊಂದು ಕಲ್ಲಿನ ತಳಪಾಯವಿತ್ತು. ನಕ್ಷೆಯಕ್ಕ ತಾನೇ ಅದರ ಮೇಲಿನ ಕಂಟಿ ಕಡಿದು ಅಳೆದಿದ್ದಳು.

"ಅಜ್ಜಿ, ನಿಮ್ಮ ಈ ಪಕ್ಕದಲ್ಲಿ ಯಾರಿದ್ರು?" ಎಂದು ಒಮ್ಮೆ ಕೇಳಿದಳು.

"ಯಾರೂ ಇರಲಿಲ್ಲ. ಬಯಲು."

"ಅಲ್ಲಿ ತಳಪಾಯ ಇದೆಯಲ್ಲ ಅಜ್ಜಿ?"

"ಕಲ್ಲಿಗೇನು ತಾಯಿ, ಎಲ್ಲಿ ಬೇಕಾದರೂ ಬಿದ್ದಿರ್ತಾವೆ."

ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಭವನ ತಟ್ಟನೆ ತಣ್ಣಗಾಯಿತು. ಬಡಗಿ ತನ್ನ ಉಗುರು ನೋಡಿಕೊಳ್ಳತೊಡಗಿದ. ಮಾತಿಗೆ ಮಾತು ಸೇರಿಸುತ್ತಿದ್ದ ಹೆಂಗಸರು ತುಟಿ ಎರಡು ಮಾಡಲಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ ಎಂಬುದು ನಕ್ಷೆಯಕ್ಕನಿಗೆ ಅರ್ಥವಾಯಿತು.

ಅದಾದ ಮುಂದಿನ ಭಾನುವಾರ ದರ್ಜಿ ಬಂದ.

ಹೊಳೆಯಾಚೆಯ ಪೇಟೆಯಿಂದ ಬಸ್ಸು ಹಿಡಿದು ಬಂದಿದ್ದ. ಗಲಾಟೆಯಲ್ಲಿ ಇವರ ಎದುರು ಬಣವಾಗಿದ್ದ ಜನ ಈಗಿರುವುದು ಅಲ್ಲೇ. ವಯಸ್ಸಾದವನು, ಕತ್ತಿನವರೆಗೂ ಗುಂಡಿ ಹಾಕಿದ, ಸುಕ್ಕಿಲ್ಲದ ಅಂಗಿ. ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಬೆಂಚಿಗೆ ನೋವಾದೀತು ಎಂಬಂತೆ ಕೂತ. ಯಾರೂ ಅವನತ್ತ ನೋಡಲಿಲ್ಲ, ಅಂದರೆ ಎಲ್ಲರೂ ನೋಡಿಯಾಗಿತ್ತು. ಕುಡಿಯುವ ನೀರಿನ ತಂಬಿಗೆ ಕೈಯಿಂದ ಕೈಗೆ ದಾಟುತ್ತಾ ಬಂದು, ಬೆಂಚಿನ ಹತ್ತಿರಕ್ಕೆ ಬರುವ ಮುಂಚೆ ಹಿಂದಕ್ಕೆ ತಿರುಗಿತು. ಸಂಜೆಯವರೆಗೂ ಕೂತಿದ್ದು, ಎದ್ದು ಹೋದ. ಮತ್ತಿನ ಭಾನುವಾರವೂ ಬಂದ. ಅದರ ಮತ್ತಿನದಕ್ಕೂ.

ಆವತ್ತು ನಕ್ಷೆಯಕ್ಕ ಬಸ್ ನಿಲ್ದಾಣದವರೆಗೆ ಅವನ ಜೊತೆ ನಡೆದಳು.

"ಆ ತಳಪಾಯ ನಿಮ್ಮ ಮನೆಯದ್ದಾ ತಾತ?"

"ಹೌದಮ್ಮ. ಗಾಣದಕ್ಕನ ಪಕ್ಕದ್ದು. ನಮ್ಮಜ್ಜ ಕಟ್ಟಿದ್ದು."

"ನೀವು ಯಾಕೆ ಏನೂ ಹೇಳಲ್ಲ?"

"ನಿಮ್ಮ ನಿಯಮ ಇದೆಯಲ್ಲ. ನನ್ನ ಮನೆ ನಾನು ಹೇಳೋ ಹಾಗಿಲ್ಲ." ದರ್ಜಿ ನಕ್ಕ. "ಒಳ್ಳೇ ನಿಯಮ ಕಣಮ್ಮ. ಅದನ್ನ ಕೇಳಿಯೇ ನಾನು ಬಂದಿದ್ದು."

ಅವಳಿಗೆ ಅರ್ಥವಾಗಲಿಲ್ಲ. ಅವನು ನಿಲ್ದಾಣದ ಕಟ್ಟೆಯ ಧೂಳು ಒರೆಸಿ ಅವಳಿಗೆ ಜಾಗ ಮಾಡಿಕೊಟ್ಟು ತಾನೂ ಕೂತ.

"ಹೊಳೆ ಆಚೆ ಇರೋರೆಲ್ಲ ನಮ್ಮವರೇ. ಅವರು ಏನಂತಾರೆ ಗೊತ್ತಾ? ಆ ಊರಲ್ಲಿ ನಮ್ಮವರು ಯಾವತ್ತೂ ಇರಲಿಲ್ಲ, ನೀನು ಎಲ್ಲಿಂದಲೋ ಬಂದು ಸೇರ್ಕೊಂಡವನು ಅಂತಾರೆ. ಇಲ್ಲಿಯವರೂ ಅದನ್ನೇ ಅಂತಾರೆ. ಇಷ್ಟೆಲ್ಲ ಹೊಡೆದಾಡಿಕೊಂಡ ಮೇಲೆ ಎರಡೂ ಕಡೆಯವರು ಒಪ್ಪಿಕೊಂಡಿರೋದು ಇದೊಂದೇ ವಿಷಯ." ಬಸ್ಸು ಬರುವ ದಾರಿ ನೋಡುತ್ತಾ ಹೇಳಿದ: "ಮೊಮ್ಮಗಳು ಕೇಳಿದಳು, ತಾತ ನೀನು ಹುಟ್ಟಿದ್ದೆಲ್ಲಿ ಅಂತ. ಹೇಳಿದೆ. ಅಲ್ಲಿ ನಿನ್ನನ್ನ ನೋಡಿದವರು ಯಾರಾದರೂ ಇದ್ದಾರಾ ಅಂತ ಕೇಳಿದಳು. ಮಗು, ಸುಮ್ಮನೆ ಕೇಳಿದ್ದು. ನಾನು ಯಾರ ಹೆಸರು ಹೇಳಲಿ?"

"ತಳಪಾಯ ಇದೆಯಲ್ಲ ತಾತ. ನಾನು ಅಳೆದಿದ್ದೀನಿ. ಬರೆದುಬಿಡ್ತೀನಿ."

"ಕಲ್ಲು ಹೇಳಿದ್ದೇ ಸಾಕಾಗಿದ್ದಿದ್ರೆ ನಾನು ಅಲ್ಲಿಗೇ ಹೋಗಿ ಕೂರ್ತಿದ್ದೆ. ನಾನಿದ್ದೆ ಅಂತ ಒಬ್ಬರು ಹೇಳಬೇಕು. ಗಾಣದಕ್ಕ ಹೇಳಬೇಕು."

ಬಸ್ಸು ಬಂತು. ಅವನು ಹತ್ತಿ ಹೋದ.

ದಿನಗಳು ಹೆಚ್ಚಿರಲಿಲ್ಲ. ಪಾಳುಬಿದ್ದ ಊರಿನ ಗುಡ್ಡವನ್ನು ಹೆದ್ದಾರಿಗೆಂದು ಸಮ ಮಾಡುವವರಿದ್ದರು. ಗೋಡೆಯ ಕಲ್ಲುಗಳು ಆಗಲೇ ಲಾರಿಗಳಲ್ಲಿ ಹೋಗುತ್ತಿದ್ದವು. ಅದಕ್ಕೆ ಮುಂಚೆ ನೆಲದ ನಕ್ಷೆಯನ್ನು ಬಟ್ಟೆಯ ಮೇಲಿಳಿಸಿ ಮುಗಿಸಬೇಕೆಂದು ಮೇಷ್ಟ್ರು ಹೇಳಿದ್ದರು. ಆಮೇಲೆ ಆ ಊರೆಂದರೆ ಆ ಬಟ್ಟೆ ಅಷ್ಟೇ. ಅದರಲ್ಲಿ ಇಲ್ಲದ್ದು ಇನ್ನೆಲ್ಲೂ ಇರುವುದಿಲ್ಲ.

ನಕ್ಷೆಯಕ್ಕನ ಮನಸ್ಸು ತಡೆಯಲಿಲ್ಲ. ಮರುವಾರ ಎಲ್ಲರಿಗಿಂತ ಮುಂಚೆ ಭವನಕ್ಕೆ ಬಂದು, ಗಾಣದ ಮನೆಯಾಚೆಯ ಬರಿಜಾಗದಲ್ಲಿ ತಳಪಾಯದ ಅಳತೆಗೆ ಸರಿಯಾಗಿ ನಾಲ್ಕು ಗೆರೆ ಎಳೆದುಬಿಟ್ಟಳು. ತಾನು ಸುಳ್ಳನ್ನೇನೂ ಬರೆಯುತ್ತಿಲ್ಲವಲ್ಲ ಎಂಬ ಧೈರ್ಯ. ನೋಡಿದರೆ ಒಂದಷ್ಟು ಗೊಣಗಿ ಸುಮ್ಮನಾದಾರು ಎಂಬ ಎಣಿಕೆ.

ಗಾಣದಜ್ಜಿ ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ತಂಬಿಗೆಯ ನೀರಲ್ಲಿ ಅದ್ದಿದಳು. ಎದ್ದು ಕೂರಲು ಇಬ್ಬರು ಆಸರೆ ಕೊಡಬೇಕಿದ್ದ ಆ ಮುದುಕಿ ಯಾರ ಕೈಯನ್ನೂ ಹಿಡಿಯದೆ ಮಂಡಿಯೂರಿ ಕೂತು ನಾಲ್ಕೂ ಗೆರೆಗಳನ್ನು ಒರೆಸಿದಳು. ಒಂದೊಂದಾಗಿ, ಮೂಲೆಯನ್ನೂ ಬಿಡದೆ. ಒದ್ದೆ ನೆಲದ ಮೇಲೆ ಕೈಯೂರಿ ಎದ್ದು ನಿಂತು ಕೇಳಿದಳು:

"ನಾನು ಹೇಳಿದ್ನಾ ನಿನಗೆ?"

ನಕ್ಷೆಯಕ್ಕ ಸೀಮೆಸುಣ್ಣ ಕೆಳಗಿಟ್ಟಳು.

"ಪಕ್ಕದ ಮನೆಯವರು ಹೇಳಲಿ ಅಂದಿದ್ದು ನೀವೇ. ಪಕ್ಕದ ಮನೆಯವಳು ನಾನು. ನಾನು ಹೇಳಿಲ್ಲ."

ಅವಳು ಹೊರಗೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಬೆಂಚಿನ ಮೇಲಿದ್ದ ದರ್ಜಿ ಕೊನೆಯಲ್ಲಿ ಎದ್ದ. "ಅವಸರ ಮಾಡಿದ್ಯಮ್ಮ" ಎಂದಷ್ಟೇ ಹೇಳಿ, ಒದ್ದೆ ಜಾಗವನ್ನು ಸುತ್ತಿಬಳಸಿ ಹೋದ.

ಮೇಷ್ಟ್ರು ಗದರಲಿಲ್ಲ. ಗದರಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

"ನೀನು ಬರೆದದ್ದು ಸುಳ್ಳಲ್ಲ. ಆದರೆ ಅವರ ಬಾಯಿಂದ ಕಿತ್ತುಕೊಂಡು ಬರೆದೆ. ಅವರ ಕೈಯಲ್ಲಿ ಉಳಿದಿರೋದೇ ಅಷ್ಟು, ಹೇಳೋದು, ಇಲ್ಲಾ ಹೇಳದೇ ಇರೋದು."

ಬಾಗಿಲಲ್ಲಿ ಹಿಂದುಳಿದಿದ್ದ ಬಡಗಿ ಚಪ್ಪಲಿ ಹುಡುಕುವ ನೆಪದಲ್ಲಿ ಹತ್ತಿರ ಬಂದ.

"ನಿಮಗೆ ಗೊತ್ತಿಲ್ಲ ಅಕ್ಕ. ಅಜ್ಜಿಗೆ ಒಬ್ಬಳೇ ಮಗಳು. ನಾವು ಊರು ಬಿಟ್ಟ ದಿನ, ದಾರಿಯಲ್ಲಿ, ಗುಡ್ಡದ ಮೇಲಿಂದ ಗುಂಡು ಹಾರಿಸಿದ್ರಲ್ಲ… ಹೊತ್ಕೊಂಡು ಬರೋಕೂ ಆಗಲಿಲ್ಲ. ಅಲ್ಲೇ ಬಿಟ್ಟು ಬಂದ್ವಿ." ಅವನ ಎಂದಿನ ತಮಾಷೆಯ ದನಿ ಎಲ್ಲೋ ಇಳಿದುಹೋಗಿತ್ತು. "ಹೊಡೆದೋರು ದರ್ಜಿ ಕಡೆಯೋರು. ದರ್ಜಿ ಅಲ್ಲ. ಅವನು ಆವತ್ತು ತನ್ನ ಜೀವ ಉಳಿಸ್ಕೊಳ್ಳೋಕೆ ಆ ಕಡೆ ಓಡ್ತಿದ್ದ. ಅದು ಅಜ್ಜಿಗೂ ಗೊತ್ತು. ಗೊತ್ತಿದ್ರೆ ಏನಾಯ್ತು, ಹೇಳಿ?"

ನಕ್ಷೆಯಕ್ಕ ಮನೆಗೆ ಹೋಗಿ ಕೈ ತೊಳೆದರೂ ಬೆರಳ ಸಂದಿಯ ಸುಣ್ಣ ಹೋಗಿರಲಿಲ್ಲ. ಆವತ್ತು ಪ್ರಾರ್ಥನೆಗೆ ಕೂತಾಗ ಬೇಡಿಕೊಳ್ಳಲು ಅವಳಿಗೆ ಮಾತು ಸಿಗಲಿಲ್ಲ. ಇವರು ಹೇಳಿದ್ದನ್ನೇ ಬರೆಸು ಎಂದು ವಾರವಾರವೂ ಬೇಡಿದವಳು ತಾನೇ.

ಕಡೆಯ ಭಾನುವಾರ ಯಾರೂ ಬರಲಾರರೆಂದು ಅವಳು ಅಂದುಕೊಂಡಿದ್ದಳು. ಭವನದ ಬೀಗ ತೆಗೆಯುವ ಹೊತ್ತಿಗೆ ಗಾಣದಜ್ಜಿ ಆಗಲೇ ಮೆಟ್ಟಿಲ ಮೇಲೆ ಕೂತಿದ್ದಳು.

"ಕಾವಲಿಗೆ ಬಂದೆ" ಎಂದಳು, ನಗದೆ. "ನಿನ್ನ ಕೈ ಸುಮ್ಮನಿರಲ್ಲ."

"ತಪ್ಪಾಯ್ತು ಅಜ್ಜಿ."

"ಆಯ್ತು ಆಯ್ತು. ಕಸಬರಿಗೆ ಎಲ್ಲಿದೆ? ಓಣಿಯೆಲ್ಲ ಧೂಳು."

ಅಜ್ಜಿ ಬಂದದ್ದು ಕಂಡು ಉಳಿದವರೂ ಬಂದರು. ಬೆಂಚಿನ ತುದಿಗೆ ದರ್ಜಿಯೂ ಬಂದ. ಒಂದೊಂದೇ ಮನೆಯನ್ನು ಕಡೆಯ ಸಲ ಕೇಳಿ, ಸರಿಯೆನಿಸಿಕೊಂಡು, ನಕ್ಷೆಯಕ್ಕ ಬಟ್ಟೆಗೆ ಇಳಿಸುತ್ತಾ ಬಂದಳು. ಕೆಳಗಿನ ಓಣಿ, ಬಾವಿ, ಕಟ್ಟೆ, ಮೇಲೋಣಿ. ಬಡಗಿಯ ಮನೆಯೂ ಆಯಿತು. ಗಾಣದ ಮನೆಗೆ ಬಂದು ಮೇಷ್ಟ್ರು ಕನ್ನಡಕ ತೆಗೆದರು.

"ಇದಕ್ಕೆ ಒಂದು ಗೋಡೆ ಬಾಕಿ ಉಳಿಯಿತಲ್ಲಪ್ಪ."

"ಉಳೀಲಿ ಬಿಡಿ" ಎಂದಳು ಅಜ್ಜಿ.

"ಒಂದು ಗೋಡೆ ಇಲ್ಲದಿದ್ರೆ ಅದು ಮನೆ ಅಲ್ಲ ಕಣಜ್ಜಿ, ಸಂತೆ ಚಪ್ಪರ" ಎಂದ ಬಡಗಿ. "ನಾಳೆ ನಕ್ಷೆ ನೋಡಿದೋರು, ಈ ಯಮ್ಮ ಬೀದೀಲಿ ಗಾಣ ತಿರುಗಿಸ್ತಿದ್ಲು ಅಂದ್ಕೊಳ್ತಾರೆ."

ಅಜ್ಜಿ ಮೂಗು ಮುರಿದಳು. ಆಗ ಹಿಂದಿನಿಂದ ಬೆಂಚು ಕಿರ್ರೆಂದಿತು.

"ಮೇಷ್ಟ್ರೇ, ನಾನು ಹೇಳಬಹುದಾ?" ದರ್ಜಿ ಎದ್ದು ನಿಂತಿದ್ದ. "ನನ್ನ ಮನೆ ವಿಷಯ ಅಲ್ಲ. ಅಕ್ಕನ ಗೋಡೆ ವಿಷಯ. ಆ ಕಡೆಯಿಂದ ಅದನ್ನ ನೋಡಿದವನು ನಾನೊಬ್ಬನೇ."

ನಿಯಮಕ್ಕೆ ಅದರಲ್ಲಿ ತಕರಾರಿರಲಿಲ್ಲ. ಮೇಷ್ಟ್ರು ಅಜ್ಜಿಯ ಮುಖ ನೋಡಿದರು. ಎಲ್ಲರೂ ನೋಡಿದರು. ಅಜ್ಜಿ ನೆಲ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ದರ್ಜಿ ಮುಂದೆ ಬಂದು, ಗೆರೆ ತುಳಿಯದೆ ಓಣಿಯ ತಿರುವಿನಲ್ಲಿ ನಿಂತ.

"ಕಲ್ಲು ಸೊಂಟದೆತ್ತರದವರೆಗೆ, ಅದರ ಮೇಲೆ ಮಣ್ಣು. ನಡುವೆ ಒಂದು ಕಡೆ ಉಬ್ಬು. ಬಸುರಿ ಹೊಟ್ಟೆ ಹಾಗೆ ಮುಂದಕ್ಕೆ ಬಂದಿತ್ತು. ಇವತ್ತು ಬೀಳುತ್ತೆ, ನಾಳೆ ಬೀಳುತ್ತೆ ಅಂತ ನಮ್ಮಮ್ಮ ಹೇಳ್ತಾ ಹೇಳ್ತಾ ತಾನೇ ಹೋಗ್ಬಿಟ್ಲು, ಗೋಡೆ ಬೀಳಲಿಲ್ಲ."

ಯಾರೋ ಕಿಸಕ್ಕೆಂದರು. ನಕ್ಷೆಯಕ್ಕ ಗೆರೆಗೆ ಒಂದು ಉಬ್ಬು ಕೊಟ್ಟಳು.

"ಪ್ರತಿ ವರ್ಷ ಮಳೆಗೆ ಮುಂಚೆ ಅಕ್ಕ ಎಣ್ಣೆ ಪೀಪಾಯಿ ಬೋರಲು ಹಾಕಿ, ಅದರ ಮೇಲೆ ಹತ್ತಿ ತಾನೇ ಮಣ್ಣು ಮೆತ್ತೋಳು. ಭಾವ ಕೆಳಗೆ ನಿಂತು ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಅಂತ ತೋರಿಸೋರು. ಒಂದ್ಸಲ ಮಣ್ಣಿನ ಮುದ್ದೆ ನೇರ ಅವರ ಬಾಯಿಗೇ ಬಿತ್ತು. ಬಿತ್ತೋ, ಎಸೆದಿದ್ದೋ, ಅದು ಅಕ್ಕನಿಗೇ ಗೊತ್ತು."

ಈ ಸಲ ಭವನ ಬಾಯಿಬಿಟ್ಟೇ ನಕ್ಕಿತು. ಅಜ್ಜಿಯ ಗಲ್ಲ ಒಂಚೂರು ಅದುರಿ ನಿಂತಿತು.

"ಮೂಲೆಯಲ್ಲಿ ಬಚ್ಚಲ ತೂಬು. ಎಣ್ಣೆ ಜಿಡ್ಡಿನ ನೀರು, ಆ ಜಾಗ ಬೇಸಿಗೆಯಲ್ಲೂ ಕಪ್ಪಗೆ ಮಿರಮಿರ ಅಂತಿತ್ತು. ಇದೆಲ್ಲ ನನಗೆ ದಿನಾ ನನ್ನ ಕಿಟಕಿಯಿಂದ ಕಾಣ್ತಿತ್ತು. ಬೆಳಕಿಗೆ ಅಂತ ಮೆಷಿನ್ನು ಕಿಟಕಿಗೆ ಒತ್ತಿ ಇಟ್ಕೊಂಡಿದ್ದೆ. ತಲೆ ಎತ್ತಿದ್ರೆ…"

"ಕಿಟಕಿ?" ಎಂದಳು ಅಜ್ಜಿ.

ದರ್ಜಿ ತಿರುಗಿ ನೋಡಿದ.

"ಯಾವ ಕಿಟಕಿ?"

"ನನ್ನ ಕಿಟಕಿ ಅಕ್ಕ. ನಿಮ್ಮ ಗೋಡೆಗೆ ಎದುರಾಗಿ…"

"ಕಿಟಕಿಯಂತೆ ಕಿಟಕಿ! ಅರಮನೆ ಕಟ್ಟಿಸಿದ್ನಲ್ಲ ನಿಮ್ಮಜ್ಜ, ಕಿಟಕಿ ಇಡೋಕೆ!" ಅಜ್ಜಿಯ ಬೆನ್ನು ನೆಟ್ಟಗಾಯಿತು. "ಆ ಗೋಡೆಯಲ್ಲಿ ಒಂದು ಇಲಿ ತೂರೋ ತೂತೂ ಇರಲಿಲ್ಲ. ನಾನು ಆ ಗೋಡೆಗೆ ಜನ್ಮವೆಲ್ಲ ಸೌದೆ ಒಟ್ಟಿದ್ದೀನಿ. ಕಿಟಕಿ ಇದ್ದಿದ್ರೆ ಸೌದೆ ಏನು, ನಿನ್ನ ಮಡಿಲಲ್ಲಿ ಒಟ್ಟುತ್ತಿದ್ನಾ?"

"ಅಲ್ಲ ಅಕ್ಕ, ನನಗೆ ಚೆನ್ನಾಗಿ ನೆನಪಿದೆ…"

"ಏನು ನೆನಪಿದೆ ನಿನಗೆ, ಮಣ್ಣು! ಬಾಗಿಲಲ್ಲಿ ಕೂತು ಹೊಲೀತಿದ್ದೆ ನೀನು. ಒಳಗೆ ಕತ್ತಲೆ ಗವಿ, ಸೂಜಿಗೆ ದಾರ ಕಾಣ್ತಿರಲಿಲ್ಲ ಅಂತ ಮೆಷಿನ್ನನ್ನ ಹೊಸ್ತಿಲಿಗೆ ಎಳ್ಕೊಂಡು ಬಂದು, ಓಣಿಗೆ ಅಡ್ಡ ಕಾಲು ಚಾಚಿ ಕೂರ್ತಿದ್ದೆ. ನೀರು ಹೊತ್ಕೊಂಡು ಬರೋ ಹೆಂಗಸರೆಲ್ಲ ಗೋಡೆಗೆ ಮೈ ಉಜ್ಜಿಕೊಂಡು ದಾಟಬೇಕಿತ್ತು. ಕಾಲು ತೆಗೆಯೋ ದರ್ಜಿ ಅಂದ್ರೆ, ಈ ತೋಳೊಂದು ಮುಗೀಲಿ ಅಕ್ಕ ಅಂತಿದ್ದೆ. ಯಾವ ಅಂಗಿಗಪ್ಪಾ ಅಷ್ಟೊಂದು ತೋಳು ಅಂತ ನಾನು ಬೈತಿದ್ದೆ!"

"ಹೌದು ಹೌದು" ಎಂದು ಹಿಂದಿನಿಂದ ಒಬ್ಬ ಹೆಂಗಸು ಬಾಯಿ ತಪ್ಪಿ ಹೇಳಿ, ಕೈಯಿಂದ ಬಾಯಿ ಮುಚ್ಚಿಕೊಂಡಳು.

ದರ್ಜಿಯ ಮುಖ ಬಿಳಚಿಕೊಂಡಿತ್ತು. ವಾದಿಸುವವನ ಮುಖವಾಗಿರಲಿಲ್ಲ ಅದು. ಜೇಬಿನಲ್ಲಿದ್ದದ್ದು ಇಲ್ಲವೆಂದು ಕೈಗೆ ತಿಳಿದವನ ಮುಖ. ಅವನು ಕಣ್ಣು ಮುಚ್ಚಿಕೊಂಡ. ಬಲಗಾಲು ತಾನಾಗಿ ನೆಲವನ್ನು ಮೆಲ್ಲಗೆ ಒತ್ತಿ ಒತ್ತಿ ಬಿಡುತ್ತಿತ್ತು.

"ಹೊಸ್ತಿಲು" ಎಂದ. "ಹೌದು. ಹೊಸ್ತಿಲ ಮೇಲೇ ಇತ್ತು. ಕಿಟಕಿ ಈಗಿರೋ ಕೋಣೆಯದ್ದು. ಅಲ್ಲಿ ಕೂತು ಕೂತು… ಮೊಮ್ಮಗಳಿಗೂ ಕಿಟಕಿ ಅಂತಲೇ ಹೇಳ್ಬಿಟ್ಟಿದ್ದೀನಿ." ಕಣ್ಣು ತೆರೆದು ಅಜ್ಜಿಯನ್ನು ನೋಡಿದ. "ನನ್ನ ಮನೆ ನನಗೇ ಮರೆತುಹೋಗಿದೆ ಅಕ್ಕ."

"ಮರೀತೀಯ, ಮರೀತೀಯ. ನಾನೆಲ್ಲಿ ಮರೀಲಿ?" ಅಜ್ಜಿಗೆ ಇನ್ನೂ ಹುರುಪು ಇಳಿದಿರಲಿಲ್ಲ. "ಎದುರಿಗೆ ಎರಡು ಮೆಟ್ಟಿಲು. ಹೊಸ್ತಿಲು ಮರದ್ದು, ಅಗಲ. ಒಂದು ಕಡೆ ನೀನು, ನಿನ್ನ ಕಟಕಟ ಮೆಷಿನ್ನು. ಇನ್ನೊಂದು ಕಡೆ ಗುಂಡಿ ಡಬ್ಬ ಮಡಿಲಲ್ಲಿ ಇಟ್ಕೊಂಡು ನನ್ನ…"

ಅಲ್ಲಿಗೆ ಮಾತು ನಿಂತಿತು.

ಉರಿಯುತ್ತಾ ಬಂದ ಬತ್ತಿ ತಟ್ಟನೆ ಆರಿದ ಹಾಗೆ. ತಾನು ಎಲ್ಲಿಗೆ ಬಂದು ನಿಂತಿದ್ದೇನೆಂದು ಅಜ್ಜಿಗೆ ಈಗ ತಿಳಿದಿತ್ತು. ಆ ಮನೆಯ ಹೆಸರೆತ್ತಿದರೆ ಆ ಹೊಸ್ತಿಲು ಬರುತ್ತದೆ. ಹೊಸ್ತಿಲು ಬಂದರೆ ಅದರ ಮೇಲೆ ಕೂತವಳು ಬರುತ್ತಾಳೆ. ಇಷ್ಟು ವರ್ಷ ಅವಳು ಬಯಲು ಎಂದು ಒರೆಸಿಟ್ಟಿದ್ದು ದರ್ಜಿಯೊಬ್ಬನನ್ನೇ ಅಲ್ಲ ಎಂಬುದು ನಕ್ಷೆಯಕ್ಕನಿಗೆ ಹೊಳೆದು, ಕೈಯಲ್ಲಿದ್ದ ಸೀಮೆಸುಣ್ಣ ಭಾರವಾಯಿತು.

ಮೇಷ್ಟ್ರು ಸಮಾಧಾನಕ್ಕೆ ಏನೋ ಹೇಳಲು ಹೊರಟರು. ನಕ್ಷೆಯಕ್ಕ ಕೈಯೆತ್ತಿ ತಡೆದಳು. ಅಪ್ಪ ಪದ್ಯದ ನಡುವೆ ಗಂಟಲು ಕಟ್ಟಿ ನಿಂತಾಗ ಮುಂದಿನ ಸಾಲು ಎತ್ತಿಕೊಡಬಾರದೆಂದು ಅವಳಿಗೆ ಗೊತ್ತಿತ್ತು. ಮರೆತು ನಿಂತದ್ದಾದರೆ ಎತ್ತಿಕೊಡಬೇಕು. ಇದು ಮರೆವಲ್ಲ.



ದರ್ಜಿಯೇ ಮೊದಲು ಮಾತಾಡಿದ, ನೆಲ ನೋಡುತ್ತಾ. "ಬಿಡಿ ಅಕ್ಕ. ಸಾಕು. ನನಗೆ ಬೇಕಾದ್ದು ಸಿಕ್ತು. ಬರೆಯೋದು ಬೇಡ." ನಕ್ಷೆಯಕ್ಕನಿಗೂ ಹೇಳಿದ: "ಬೇಡಮ್ಮ. ಅಕ್ಕನನ್ನ ಆ ಹೊಸ್ತಿಲು ಹತ್ತಿಸಬೇಡಿ."

ಅವನು ಬಾಗಿಲತ್ತ ತಿರುಗಿದ. ನಾಲ್ಕು ಹೆಜ್ಜೆ ಹಾಕಿರಬಹುದು.

"ಬಣ್ಣ ಬಣ್ಣ ಬೇರೆ ಮಾಡ್ತಿದ್ಲು" ಎಂದಳು ಅಜ್ಜಿ.

ಗಟ್ಟಿಯಾಗಿ ಹೇಳಿದ್ದಲ್ಲ. ಯಾರಿಗೂ ಹೇಳಿದ್ದೂ ಅಲ್ಲ.

"ಗುಂಡಿಗಳನ್ನ. ಬಿಳಿ ಒಂದು ಕಡೆ, ನೀಲಿ ಒಂದು ಕಡೆ. ಊಟಕ್ಕೆ ಕರೆದ್ರೆ ಬರ್ತಿರಲಿಲ್ಲ. ಇವನು ಸಂಜೆಗೆ ಎಲ್ಲಾ ಕಲಸಿ ಮತ್ತೆ ಡಬ್ಬಕ್ಕೆ ಸುರೀತಿದ್ದ, ನಾಳೆಗೆ ಅವಳಿಗೆ ಕೆಲಸ ಇರಲಿ ಅಂತ. ದೊಡ್ಡವಳಾದ ಮೇಲೂ ಅಲ್ಲೇ ಕೂತು ಹೊಲಿಗೆ ಕಲಿತಳು. ಅವಳು ಓಡುವಾಗ ಹಾಕ್ಕೊಂಡಿದ್ದ ಅಂಗಿ…" ಉಸಿರು ಎಳೆದುಕೊಂಡಳು. "ಅದು ಅವಳೇ ಹೊಲಿದಿದ್ದು."

ದರ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು.

ಅಜ್ಜಿ ನಕ್ಷೆಯಕ್ಕನತ್ತ ಕೈ ಚಾಚಿದಳು. ಸುಣ್ಣಕ್ಕಲ್ಲ, ಆಸರೆಗೆ. ನಕ್ಷೆಯಕ್ಕ ಹಿಡಿದುಕೊಂಡಳು. ಇಬ್ಬರೂ ಗಾಣದ ಮನೆಯ ಉಬ್ಬು ಗೋಡೆಯನ್ನು ಸುತ್ತಿ, ಅಜ್ಜಿ ಹಿಂದಿನ ವಾರ ಒರೆಸಿದ್ದ ಜಾಗಕ್ಕೆ ಬಂದರು.

"ಬರಿ" ಎಂದಳು ಅಜ್ಜಿ. "ನಾನು ಹೇಳ್ತಿದ್ದೀನಿ. ಪಕ್ಕದ ಮನೆಯವಳು ಹೇಳ್ತಿದ್ದೀನಿ. ಇಲ್ಲಿ ದರ್ಜಿ ಮನೆ ಇತ್ತು. ಅವರಜ್ಜನ ಕಾಲದಿಂದ ಇತ್ತು."

ನಕ್ಷೆಯಕ್ಕ ಮಂಡಿಯೂರಿ ಗೆರೆ ಎಳೆದಳು. ಅಜ್ಜಿ ಮೇಲಿಂದ ಒಂದೊಂದೂ ಹೇಳುತ್ತಾ ಹೋದಳು. ಹಿಂದಿನ ಗೋಡೆ ಮೋಟು. ಮಾಡು ಈ ಕಡೆಗೆ ಇಳಿಜಾರು. ಒಳಗೆ ಒಂದೇ ಕೋಣೆ, ನಡುವೆ ಬಟ್ಟೆಯ ಪರದೆ. ಎರಡು ಮೆಟ್ಟಿಲು. ಬಾಗಿಲಿಗೆ ಬಂದಾಗ ನಕ್ಷೆಯಕ್ಕ ಕೇಳಿದಳು:

"ಹೊಸ್ತಿಲು ಎಷ್ಟಗಲ ಅಜ್ಜಿ?"

ಅಜ್ಜಿ ಯೋಚಿಸಿದಳು. ಕೈಗಳನ್ನು ಅಳತೆ ಹಿಡಿದು ನೋಡಿ, ಇನ್ನಷ್ಟು ಅಗಲ ಮಾಡಿದಳು. ಮನೆಗಳು ಬೆಳೆಯುವುದನ್ನು ಎಷ್ಟೋ ಸಲ ಕಂಡಿದ್ದ ನಕ್ಷೆಯಕ್ಕ, ತಳಪಾಯ ಅಳೆದು ತಂದವಳು, ಈ ಒಂದನ್ನು ಮಾತ್ರ ಅಜ್ಜಿಯ ಕೈ ಹೇಳಿದಷ್ಟೇ ಬರೆದಳು.

"ಇಬ್ಬರು ಕೂರೋ ಅಷ್ಟು" ಎಂದಳು ಅಜ್ಜಿ. ಬಾಗಿಲ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ, ದನಿ ಏರಿಸಿದಳು: "ಇನ್ನು ಆ ಮುದುಕ ಎಷ್ಟು ಗೋಗರೆದರೂ ಕಿಟಕಿ ಮಾತ್ರ ಹಾಕಬೇಡ, ನೋಡು."